‘ನಾವು’ ಎಂಬ ಪ್ರವಾಸಿ: ಸೈಗಾನಿನ ಮೊದಲ ದಿನ ಮತ್ತು ನಮ್ಮ ಪ್ರವಾಸ ಬರಹ

ಪ್ರವಾಸ ಬರಹಗಳನ್ನು ಓದುವ ಅಭ್ಯಾಸ ಇರುವವರಿಗೆ ‘ಮೊದಲ ದಿನ’ದ ಅಧ್ಯಾಯ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ವಿಮಾನ ನಸುಕಿನಲ್ಲಿ ಇಳಿಯುತ್ತದೆ. ಹೋಟೆಲಿನವರು ಮಧ್ಯಾಹ್ನ ಎರಡರ ತನಕ ಕೋಣೆ ಕೊಡುವುದಿಲ್ಲ. ಸಾಮಾನನ್ನು ಅಲ್ಲೇ ಇಟ್ಟು ಊರು ನೋಡಲು ಹೊರಡುವುದು, ರಸ್ತೆ ದಾಟಲಾಗದೆ ನಿಲ್ಲುವುದು, ಮಾರುಕಟ್ಟೆಯ ಚೌಕಾಸಿ, ಸೊನ್ನೆಗಳೇ ತುಂಬಿದ ನೋಟು, ಸಸ್ಯಾಹಾರದ ಹುಡುಕಾಟ, ಕಡೆಗೊಂದು ಇಂಡಿಯನ್ ರೆಸ್ಟೋರೆಂಟು, ರಾತ್ರಿಗೆ ಕಾಲುನೋವು. ಬ್ಯಾಂಕಾಕ್ ಆಗಲಿ, ಕೌಲಾಲಂಪುರ ಆಗಲಿ, ಹನೋಯ್ ಆಗಲಿ, ಊರಿನ ಹೆಸರು ಬದಲಾಗುತ್ತದೆ, ಅಧ್ಯಾಯ ಬದಲಾಗುವುದಿಲ್ಲ. ಕುಟುಂಬ ಸಮೇತ ಆಗ್ನೇಯ ಏಷ್ಯಾಕ್ಕೆ ಹೋಗಿಬರುವುದು ಮಧ್ಯಮ ವರ್ಗದ ಕೈಗೆಟುಕಿದ ಮೇಲೆ ಇಂಥ ಬರಹಗಳು ವಾರಕ್ಕೆ ಒಂದೆರಡಾದರೂ ಕಣ್ಣಿಗೆ ಬೀಳುತ್ತಿವೆ.

ಇವನ್ನು ಗೇಲಿ ಮಾಡಲು ನಾನು ಕೂತಿಲ್ಲ. ಮೊದಲ ದಿನದ ಅಧ್ಯಾಯ ನನಗೆ ಇಷ್ಟ. ಊರಿನ ಪರಿಚಯ ಇಲ್ಲದೆ, ನಿದ್ದೆ ಸಾಲದೆ, ಮನೆಮಂದಿಯೆಲ್ಲ ಒಬ್ಬರಿಗೊಬ್ಬರು ಅಂಟಿಕೊಂಡು ನಡೆಯುವ ದಿನ ಅದು. ಬರೆಯುವವರಿಗೆ ಅಷ್ಟು ಸಾಮಗ್ರಿ ಉಳಿದ ಯಾವ ದಿನವೂ ಕೊಡುವುದಿಲ್ಲ. ಆದರೂ ಇಂಥ ಹತ್ತು ಬರಹ ಓದಿದ ಮೇಲೆ ಕಟ್ಟಡಗಳು ನೆನಪಿನಲ್ಲಿ ಉಳಿಯುತ್ತವೆ, ಮನುಷ್ಯರು ಉಳಿಯುವುದಿಲ್ಲ. ಊರಿನ ಮನುಷ್ಯರಷ್ಟೇ ಅಲ್ಲ, ಬರೆದವರ ಮನೆಯ ಮನುಷ್ಯರೂ ಉಳಿಯುವುದಿಲ್ಲ. ಯಾಕೆ ಹೀಗಾಗುತ್ತದೆ ಎಂದು ಹುಡುಕುತ್ತಾ ಹೋದರೆ ನನ್ನ ಬೆರಳು ಒಂದು ಸಣ್ಣ ಪದದ ಮೇಲೆ ನಿಲ್ಲುತ್ತದೆ. ಆ ಪದ ‘ನಾವು’.

ಕನ್ನಡದ ದೊಡ್ಡ ಪ್ರವಾಸ ಕೃತಿಗಳ ಹೆಸರುಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ‘ಅಮೆರಿಕದಲ್ಲಿ ಗೊರೂರು’. ‘ಅಪರವಯಸ್ಕನ ಅಮೆರಿಕಾ ಯಾತ್ರೆ’. ‘ಅಲೆಮಾರಿಯ ಅಂಡಮಾನ್’. ಒಂದರಲ್ಲಿ ಲೇಖಕನ ಹೆಸರೇ ಇದೆ, ಒಂದರಲ್ಲಿ ವಯಸ್ಸಿದೆ, ಇನ್ನೊಂದರಲ್ಲಿ ಸ್ವಭಾವವಿದೆ. ಮೂರೂ ಏಕವಚನ. ಗೊರೂರು, ಎ.ಎನ್. ಮೂರ್ತಿರಾವ್, ತೇಜಸ್ವಿ ಮೂವರ ಬರಹದಲ್ಲೂ ಊರನ್ನು ನೋಡುತ್ತಿರುವ ಕಣ್ಣು ಯಾರದು ಎಂಬುದು ರಕ್ಷಾಪುಟದಲ್ಲೇ ಗೊತ್ತಾಗುತ್ತದೆ. ಆ ಕಣ್ಣಿಗೆ ಒಂದು ವಯಸ್ಸು, ಒಂದು ಹಟ, ಒಂದು ಹಾಸ್ಯ ಇದೆ. ಜೊತೆಗೆ ಬೇರೆಯವರು ಇದ್ದರೂ ಓದುಗ ಕೂತುಕೊಳ್ಳುವುದು ಆ ಒಂದು ಹೆಗಲ ಮೇಲೆ. ಇವತ್ತಿನ ಕುಟುಂಬ ಪ್ರವಾಸದ ಬರಹದಲ್ಲಿ ಆ ಹೆಗಲು ಕಾಣೆಯಾಗಿದೆ. ಅದರ ಜಾಗದಲ್ಲಿ ‘ನಾವು’ ಬಂದು ನಿಂತಿದೆ. ನಾವು ಇಳಿದೆವು, ನಾವು ಹಸಿದೆವು, ನಾವು ಬೆರಗಾದೆವು.

ಇಲ್ಲಿ ವ್ಯಾಕರಣದ ಒಂದು ಮಾತು ಹೇಳಬೇಕು. ತಮಿಳಿನವರಿಗೆ ‘ನಾಮ್’ ಬೇರೆ, ‘ನಾಂಗಳ್’ ಬೇರೆ. ತೆಲುಗಿನಲ್ಲಿ ‘ಮನಂ’ ಬೇರೆ, ‘ಮೇಮು’ ಬೇರೆ. ಮೊದಲನೆಯದರಲ್ಲಿ ಕೇಳುತ್ತಿರುವ ನೀವೂ ಸೇರಿದ್ದೀರಿ, ಎರಡನೆಯದರಲ್ಲಿ ನೀವು ಹೊರಗೆ. ಇಂದಿನ ಕನ್ನಡಕ್ಕೆ ಈ ಭೇದವಿಲ್ಲ. ನಮ್ಮ ‘ನಾವು’ ಒಂದೇ ಚೀಲ, ಯಾರನ್ನು ಬೇಕಾದರೂ ಅದರಲ್ಲಿ ತುಂಬಬಹುದು, ಯಾರನ್ನು ಬೇಕಾದರೂ ಹೇಳದೆ ಇಳಿಸಬಹುದು. ಭಾಷಣಕಾರರಿಗೆ ಇದರಿಂದ ಅನುಕೂಲ. ಪ್ರವಾಸ ಬರೆಯುವವರಿಗೆ ಇದು ಸೋಮಾರಿತನದ ಮೆತ್ತೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಯಾರದೋ ಬರಹದಿಂದ ಕಿತ್ತದ್ದಲ್ಲ, ನಾನೇ ಕಟ್ಟಿದ್ದು. ಆದರೆ ಇಂಥದ್ದನ್ನು ನೀವು ನೂರು ಸಲ ಓದಿದ್ದೀರಿ: ‘ಬೆಳಿಗ್ಗೆ ಬೇಗ ಎದ್ದು ತಿಂಡಿ ಮುಗಿಸಿ ನಾವು ಊರು ನೋಡಲು ಹೊರಟೆವು.’ ವಾಕ್ಯದಲ್ಲಿ ತಪ್ಪಿಲ್ಲ. ಆದರೆ ಬೇಗ ಎದ್ದವರು ಯಾರು? ಎಬ್ಬಿಸಿಕೊಂಡವರು ಯಾರು? ಕೋಣೆಯ ಕೆಟಲಿನಲ್ಲಿ ನೀರು ಕಾಯಿಸಿ, ಊರಿನಿಂದ ತಂದ ಅವಲಕ್ಕಿಗೆ ಹಾಕಿ, ಚಟ್ನಿಪುಡಿಯ ಕವರಿಗೆ ರಬ್ಬರ್ ಬ್ಯಾಂಡ್ ಬಿಗಿದು, ಲೋಟ ತೊಳೆದಿಟ್ಟವರು ಯಾರು? ಅಷ್ಟು ಹೊತ್ತು ಮೊಬೈಲಿನಲ್ಲಿ ಮ್ಯಾಪು ನೋಡುತ್ತಿದ್ದವರು ಯಾರು? ಬರೆಯುವವರು ಹೆಚ್ಚಿನಂಶ ಮ್ಯಾಪು ನೋಡುತ್ತಿದ್ದವರೇ ಆಗಿರುತ್ತಾರೆ. ‘ನಾವು’ ಎಂದ ಕೂಡಲೇ ಕೆಟಲಿನ ಮುಂದೆ ನಿಂತವಳು ಕರಗಿಹೋಗುತ್ತಾಳೆ. ಮನೆಯಲ್ಲಿ ನಡೆಯುವುದೂ ಇದೇ ತಾನೆ ಎಂದು ನೀವು ಕೇಳಬಹುದು. ಹೌದು. ಪರಊರಿನ ಇಕ್ಕಟ್ಟು ಕೋಣೆಯಲ್ಲಿ, ಅಡುಗೆಮನೆಯ ಗೋಡೆಯೂ ಇಲ್ಲದೆ, ಅದು ಕಣ್ಣೆದುರಿಗೇ ನಡೆಯುತ್ತದೆ. ಕಂಡದ್ದನ್ನು ಬರೆಯುವುದೇ ಕೆಲಸ ಎಂದುಕೊಂಡ ಬರಹಕ್ಕೆ ಅದು ಕಾಣದಿದ್ದರೆ ಪ್ರಶ್ನೆ ಕೇಳಲೇಬೇಕಾಗುತ್ತದೆ.

ಈ ಪ್ರಶ್ನೆಗಳನ್ನು ತಲೆಯಲ್ಲಿಟ್ಟುಕೊಂಡೇ ಹೋದ ಮೇ ತಿಂಗಳಲ್ಲಿ ಸೈಗಾನಿಗೆ ಹೋಗಿದ್ದೆ. ನಾನು, ನನ್ನ ಗಂಡ, ಹತ್ತು ವರ್ಷದ ಮಗ, ನಿವೃತ್ತ ಶಾಲಾ ಶಿಕ್ಷಕಿಯಾದ ಅತ್ತೆ. 1976ರಿಂದ ಆ ಊರಿನ ಅಧಿಕೃತ ಹೆಸರು ಹೋ ಚಿ ಮಿನ್ ನಗರ. ಊರಿನವರ ಬಾಯಲ್ಲಿ ಈಗಲೂ ಸೈಗಾನೇ. ನಾನು ಕ್ಲಾಸಿನಲ್ಲಿ ಪಾಠ ಮಾಡುವ ಎರಡು ಕಾದಂಬರಿಗಳ ಊರೂ ಹೌದು. 1955ರ ‘ದಿ ಕ್ವಯಟ್ ಅಮೆರಿಕನ್’ನಲ್ಲಿ ಗ್ರಹಾಂ ಗ್ರೀನ್ ಈ ಊರನ್ನು ಒಬ್ಬಂಟಿ ಗಂಡಸಿನ ಕಣ್ಣಿನಿಂದ ತೋರಿಸುತ್ತಾನೆ. ಅಲ್ಲಿ ಫುವಾಂಗ್ ಎಂಬ ಹೆಣ್ಣಿದ್ದಾಳೆ. ಇಬ್ಬರು ಪರದೇಶಿ ಗಂಡಸರು ಅವಳ ಬಗ್ಗೆ ಎಷ್ಟು ಮಾತಾಡುತ್ತಾರೋ ಅಷ್ಟು ಅವಳು ಮಾತಾಡುವುದಿಲ್ಲ. ಮಾರ್ಗರಿತ್ ದ್ಯುರಾಸ್ ಬರೆದ 1984ರ ‘ದಿ ಲವರ್’ನಲ್ಲಿ ಒಂದು ಫ್ರೆಂಚ್ ಕುಟುಂಬವೇ ಇದೆ: ಶಾಲೆ ನಡೆಸುವ ತಾಯಿ, ಇಬ್ಬರು ಅಣ್ಣಂದಿರು, ಮೆಕಾಂಗ್ ನದಿಯ ದೋಣಿಯ ಮೇಲೆ ನಿಂತ ಹುಡುಗಿ. ದ್ಯುರಾಸ್ ಅಲ್ಲಿ ತನ್ನನ್ನು ಒಮ್ಮೆ ‘ನಾನು’ ಎನ್ನುತ್ತಾಳೆ, ಇದ್ದಕ್ಕಿದ್ದಂತೆ ‘ಅವಳು’ ಎನ್ನುತ್ತಾಳೆ. ಕುಟುಂಬದ ಒಳಗಿದ್ದುಕೊಂಡು ಕುಟುಂಬವನ್ನು ನೋಡಬೇಕಾದರೆ ಒಂದೇ ಸರ್ವನಾಮ ಸಾಲದು ಎಂಬುದು ಆ ಕಾದಂಬರಿಯಿಂದ ನಾನು ಕಲಿತ ಪಾಠ.

ಇನ್ನು ಊರೇ ಕಲಿಸಿದ್ದು. ಹೋಟೆಲಿನ ಕೌಂಟರಿನಲ್ಲಿದ್ದ ಹುಡುಗಿ ಕೀಲಿ ಕೊಡುವ ಮೊದಲೇ ನಗುತ್ತಾ ನನ್ನ ವಯಸ್ಸು ಕೇಳಿದಳು. ಕುತೂಹಲಕ್ಕೆ ಕೇಳಿದ್ದಲ್ಲ, ವಿಯೆಟ್ನಾಮಿ ಭಾಷೆಯಲ್ಲಿ ಮಾತು ಶುರುಮಾಡಲು ಅದು ಬೇಕು. ಅಲ್ಲಿ ‘ನಾನು’, ‘ನೀನು’ ಎಂಬ ಜಾಗಗಳಲ್ಲಿ ದಿನಬಳಕೆಗೆ ಬರುವುದು ನೆಂಟಸ್ತಿಕೆಯ ಪದಗಳು. ಎದುರಿನವಳು ಸ್ವಲ್ಪ ದೊಡ್ಡವಳಾದರೆ ಅವಳು ‘ಚಿ’, ಅಂದರೆ ಅಕ್ಕ. ಆಗ ಮಾತಾಡುವವಳು ತನ್ನನ್ನು ‘ಎಮ್’ ಎಂದುಕೊಳ್ಳುತ್ತಾಳೆ, ಅಂದರೆ ತಂಗಿ. ಅಜ್ಜಿಯ ವಯಸ್ಸಿನವರು ‘ಬಾ’. ಅವರ ಮುಂದೆ ಅದೇ ಹುಡುಗಿ ‘ಕೋನ್’, ಮಗು. ನಮ್ಮಲ್ಲೂ ಅಣ್ಣಾ, ಅಕ್ಕಾ, ಅಮ್ಮಾ ಎಂದು ಅಪರಿಚಿತರನ್ನು ಕರೆಯುತ್ತೇವೆ. ಆದರೆ ಕರೆದ ಮೇಲೆ ‘ನಾನು’ ಎಂದೇ ಮಾತು ಮುಂದುವರಿಸುತ್ತೇವೆ. ಅಲ್ಲಿ ಎದುರಿಗಿರುವವರು ಬದಲಾದಂತೆ ‘ನಾನು’ ಸಹ ಬದಲಾಗುತ್ತದೆ. ಹೋ ಚಿ ಮಿನ್‌ನನ್ನು ಜನ ಕರೆಯುವ ‘ಬಾಕ್ ಹೋ’ ಎಂಬ ಹೆಸರಿಗೆ ಕನ್ನಡದಲ್ಲಿ ಹತ್ತಿರದ ಪದ ದೊಡ್ಡಪ್ಪ. ಎಲ್ಲ ನೋಟಿನ ಮೇಲೂ ಅದೇ ದೊಡ್ಡಪ್ಪನ ಮುಖ.

ಆ ಭಾಷೆಗೆ ‘ನಾವು’ ಕೂಡ ಎರಡಿವೆ. ಕೇಳುವವರೂ ಸೇರಿದ ‘ಚುಂಗ್ ತಾ’, ಅವರನ್ನು ಬಿಟ್ಟ ‘ಚುಂಗ್ ತೋಯ್’. ಹೀಗೆ ಊರಿಗೆ ಕಾಲಿಟ್ಟ ಅರ್ಧ ಗಂಟೆಯಲ್ಲಿ ಒಂದು ಕುಟುಂಬ ನಾಲ್ಕು ಮನುಷ್ಯರಾಗಿ ಬಿಡಿಬಿಡಿಯಾಯಿತು. ಅತ್ತೆ ‘ಬಾ’ ಆದರು. ಬೆನ್ ಥಾನ್ ಮಾರುಕಟ್ಟೆಯಲ್ಲಿ ಅಂಗಡಿಯ ಹೆಂಗಸರು ಸ್ಟೂಲು ಎಳೆದು ಕೊಟ್ಟದ್ದು ಅವರೊಬ್ಬರಿಗೆ. ‘ಬಾ ಅಂತ ಕರೀತಾರೆ, ಹೋಗದೆ ಇರೋಕಾಗುತ್ತಾ?’ ಎಂದು ಕನ್ನಡದ ‘ಬಾ’ ಎಂದೇ ಹಿಡಿದುಕೊಂಡು ಅತ್ತೆ ಪ್ರತಿ ಅಂಗಡಿಗೂ ಹೋದರು. ಹೋದಲ್ಲೆಲ್ಲ ಆದರ ಸಿಕ್ಕಿತು. 1914ರಲ್ಲಿ ಫ್ರೆಂಚರು ಕಟ್ಟಿ ತೆರೆದ ಆ ಮಾರುಕಟ್ಟೆಯ ಗಡಿಯಾರದ ಗೋಪುರವನ್ನು ಎಲ್ಲ ಪ್ರವಾಸ ಬರಹಗಳೂ ವರ್ಣಿಸುತ್ತವೆ. ಗೋಪುರದ ಕೆಳಗೆ ಯಾರಿಗೆ ಕೂರಲು ಸ್ಟೂಲು ಸಿಕ್ಕಿತು, ಯಾರು ಸಾಮಾನು ಹಿಡಿದು ನಿಂತೇ ಇದ್ದರು ಎಂದು ಬರೆದದ್ದನ್ನು ನಾನು ಓದಿಲ್ಲ.

ದುಡ್ಡಿನ ವಿಷಯವೂ ಹೀಗೆಯೇ. ಡಾಂಗ್ ನೋಟುಗಳ ಸೊನ್ನೆಗಳ ಬಗ್ಗೆ ಒಂದು ತಮಾಷೆ ಎಲ್ಲರೂ ಬರೆಯುತ್ತಾರೆ. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ, ಅವಸರದಲ್ಲಿ ಅದಲುಬದಲಾದರೆ ಗತಿಯೇನು ಎಂದು. ಈ ತಮಾಷೆಯ ಕೆಳಗೆ ಮುಚ್ಚಿಹೋಗುವುದು ನೋಟಿನ ಚೀಲ ಯಾರ ಸೊಂಟದಲ್ಲಿತ್ತು ಎಂಬುದು. ನನ್ನ ಅತ್ತೆಗೆ ಸ್ವಂತ ಪಿಂಚಣಿ ಇದೆ. ಊರಿನಲ್ಲಿ ತರಕಾರಿಯವನಿಂದ ಹಿಡಿದು ಔಷಧಿ ಅಂಗಡಿಯ ತನಕ ಅವರ ಲೆಕ್ಕ ಅವರೇ ನೋಡಿಕೊಳ್ಳುತ್ತಾರೆ. ಸೈಗಾನಿನಲ್ಲಿ ಅವರ ಕೈಯಲ್ಲಿ ಒಂದು ಡಾಂಗ್ ಇರಲಿಲ್ಲ. ಬದಲಾಯಿಸಿದ ಹಣವೆಲ್ಲ ಮಗನ ಸೊಂಟದ ಚೀಲದಲ್ಲಿತ್ತು. ಅಲ್ಲಿಯ ಕಾಫಿ ಫಿಲ್ಟರು, ‘ಫಿನ್’ ಎನ್ನುತ್ತಾರೆ, ಅವರ ಕಣ್ಣಿಗೆ ಬಿತ್ತು. ಎತ್ತಿ ನೋಡಿ, ‘ನಮ್ಮ ಫಿಲ್ಟರಿನ ಮೇಲಿನ ಅರ್ಧ ಮಾತ್ರ ಮಾಡಿದಾರೆ, ಕೆಳಗಿನ ಪಾತ್ರೆಯೇ ಇಲ್ಲ. ಲೋಟದ ಮೇಲೇ ಕೂರಿಸ್ತಾರೆ’ ಎಂದರು. ಕೊಳ್ಳಬೇಕೆಂಬ ಆಸೆ ಮುಖದಲ್ಲಿತ್ತು. ಮಗನ ಕಡೆ ನೋಡಿದರು, ಆತ ಮಸಾಲೆ ಅಂಗಡಿಯ ಫೋಟೋ ತೆಗೆಯುವುದರಲ್ಲಿದ್ದ. ಅತ್ತೆ ಅದನ್ನು ಇದ್ದಲ್ಲೇ ಇಟ್ಟು ಮುಂದೆ ಹೋದರು. ಮಧ್ಯಾಹ್ನ ನನ್ನ ಹತ್ತಿರ ಮೆಲ್ಲಗೆ, ‘ನಂಗೂ ಒಂದಿಷ್ಟು ನೋಟು ಕೊಟ್ಟಿರೋಕೆ ಹೇಳು. ಚಿಕ್ಕಮಕ್ಕಳ ಹಾಗೆ ಕೇಳೋಕೆ ನಾಚಿಕೆಯಾಗುತ್ತೆ’ ಎಂದರು.

ಈ ಮಾತು ಪ್ರವಾಸ ಬರಹದಲ್ಲಿ ಬರಬೇಕೋ ಬೇಡವೋ? ‘ಮನೆಯ ವಿಷಯ ಯಾಕೆ, ಊರಿನ ಬಗ್ಗೆ ಬರೆಯಿರಿ’ ಎಂದು ಹೇಳುವ ಓದುಗರಿದ್ದಾರೆ. ನನಗೆ ಅದು ಊರಿನ ವಿಷಯವೇ. ಭಾರತದ ಕಾಫಿಯ ಬಹುಪಾಲು ಬೆಳೆಯುವ ಕರ್ನಾಟಕದಿಂದ, ಕಾಫಿ ಬೆಳೆಯಲ್ಲಿ ಜಗತ್ತಿಗೇ ಎರಡನೆಯದಾದ ವಿಯೆಟ್ನಾಮಿಗೆ ಹೋದ ಎಪ್ಪತ್ತರ ಹೆಂಗಸು ಎರಡು ಫಿಲ್ಟರುಗಳ ಸಂಬಂಧವನ್ನು ಒಂದು ಮಾತಿನಲ್ಲಿ ಹಿಡಿದರು. ಅಂಕಿಅಂಶ ಹೆಕ್ಕಿ ಬರೆದವರಿಗೆ ಅದು ಹೊಳೆಯುವುದಿಲ್ಲ. ಆ ನೋಟ ಬಂದದ್ದು ಅವರ ಅಡುಗೆಮನೆಯಿಂದ. ಅದನ್ನು ಕೊಳ್ಳಲಾಗದೆ ಹೋದದ್ದು ಮನೆಯ ದುಡ್ಡಿನ ಪದ್ಧತಿಯಿಂದ. ಎರಡನ್ನೂ ಒಟ್ಟಿಗೆ ತೋರಿಸಬಲ್ಲದ್ದು ಕುಟುಂಬ ಪ್ರವಾಸದ ಬರಹ ಮಾತ್ರ. ಒಬ್ಬಂಟಿ ಅಲೆಮಾರಿಗೆ ಈ ಸಾಮಗ್ರಿ ಸಿಗುವುದಿಲ್ಲ.

ಅದೇ ಅಧ್ಯಾಯದ ಇನ್ನೊಂದು ರೂಢಿ, ಕೇಳಿದ್ದನ್ನು ಕೇಳಿದ ಹಾಗೆಯೇ ಇಳಿಸುವುದು. 1891ರಲ್ಲಿ ಮುಗಿದ ಸೈಗಾನಿನ ಮುಖ್ಯ ಅಂಚೆ ಕಚೇರಿಯನ್ನು ಐಫೆಲ್ ಗೋಪುರದ ಗುಸ್ತಾವ್ ಐಫೆಲ್ ವಿನ್ಯಾಸಗೊಳಿಸಿದ ಎಂದು ಬಹಳಷ್ಟು ಬರಹಗಳು ಹೇಳುತ್ತವೆ. ವಿನ್ಯಾಸ ಆಲ್ಫ್ರೆಡ್ ಫುಲೂ ಎಂಬ ವಾಸ್ತುಶಿಲ್ಪಿಯದು. ಐಫೆಲ್ ಹೆಸರು ಕೇಳಲು ಚೆನ್ನಾಗಿದೆ, ಹಾಗಾಗಿ ಉಳಿದುಕೊಂಡಿದೆ. ಇದೂ ‘ನಾವು’ ಮಾಡುವ ಕೆಲಸವೇ. ಗೈಡು ಹೇಳಿದ್ದು, ಹಿಂದಿನವರು ಬರೆದದ್ದು, ತಾನು ಕಂಡದ್ದು ಎಲ್ಲವೂ ಒಂದೇ ಕರ್ತೃಪದದ ಕೆಳಗೆ ಸೇರಿಹೋಗುತ್ತವೆ. ಪಕ್ಕದ ರಸ್ತೆಯನ್ನೇ ನೋಡಿ. ಗ್ರೀನ್‌ನ ಕಾಲಕ್ಕೆ ಅದು ಕತಿನಾ ಬೀದಿ. ಫ್ರೆಂಚರು ಹೋದ ಮೇಲೆ ‘ಸ್ವಾತಂತ್ರ್ಯ’ ಎಂಬ ಅರ್ಥದ ತು ಯೋ. 1975ರ ನಂತರ ‘ಒಟ್ಟಾಗಿ ದಂಗೆ ಏಳುವುದು’ ಎಂಬ ಅರ್ಥದ ದೋಂಗ್ ಖೋಯ್. ಪ್ರತಿ ಹೆಸರೂ ಯಾವುದೋ ಒಂದು ‘ನಾವು’ ಇಟ್ಟದ್ದು.

ರಸ್ತೆ ದಾಟುವ ಪ್ರಸಂಗಕ್ಕೆ ಬರೋಣ. ಬೈಕುಗಳ ಹೊಳೆ, ಮುಗಿಯದ ಹಾರ್ನು, ದಿಕ್ಕೆಟ್ಟು ನಿಂತ ಕುಟುಂಬ. ಇದು ಹಾಸ್ಯಪ್ರಸಂಗವಾಗಿಯೇ ಬರುತ್ತದೆ, ಊರಿನವರ ಅಶಿಸ್ತಿನ ಬಗ್ಗೆ ಒಂದು ಕುಟುಕಿನೊಂದಿಗೆ ಮುಗಿಯುತ್ತದೆ. ಆದರೆ ಅಲ್ಲಿ ಒಂದು ಕ್ರಮ ಇದೆ. ದಾಟುವವರು ನಿಧಾನವಾಗಿ, ಒಂದೇ ವೇಗದಲ್ಲಿ ನಡೆಯಬೇಕು. ಓಡಬಾರದು, ನಿಲ್ಲಬಾರದು, ಹಿಂದೆ ಸರಿಯಬಾರದು. ನಿಮ್ಮ ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆಂದು ಸವಾರರಿಗೆ ಗೊತ್ತಾದರೆ ಅವರೇ ಸುತ್ತಿಕೊಂಡು ಹೋಗುತ್ತಾರೆ. ನಾಲ್ವರೂ ಕೈಕೈ ಹಿಡಿದು ಸರಪಳಿಯಾಗಿ ಇಳಿದಾಗ ದಾಟಲು ಆಗಲಿಲ್ಲ. ಗಂಡ ಮುಂದಕ್ಕೆ ಎಳೆದರೆ ಮಗ ಹಿಂದಕ್ಕೆ ಜಗ್ಗುತ್ತಿದ್ದ. ಮಂಡಿನೋವಿನ ಅತ್ತೆ ಕೈ ಬಿಡಿಸಿಕೊಂಡು ತಮ್ಮ ಪಾಡಿಗೆ ನಿಧಾನಕ್ಕೆ ನಡೆದರು, ಬೈಕುಗಳು ಅವರನ್ನು ಬಳಸಿಕೊಂಡು ಹರಿದವು. ಆಚೆ ದಡದಲ್ಲಿ ನಿಂತು, ‘ಬನ್ನಿ, ಏನೂ ಆಗಲ್ಲ’ ಎಂದರು. ಮನೆಯಲ್ಲಿ ‘ಅಮ್ಮಾ, ಬೇಗ ನಡಿ’ ಎಂದು ಹೇಳಿಸಿಕೊಳ್ಳುವ ನಡಿಗೆ ಆ ಊರಿಗೆ ಸರಿಯಾದ ನಡಿಗೆಯಾಗಿತ್ತು. ಹೀಗೆ ಬಿಡಿಬಿಡಿಯಾಗಿ ನೋಡಿದರೆ ರಸ್ತೆಯ ಅಶಿಸ್ತಿನ ಮಾತು ನಿಲ್ಲುವುದಿಲ್ಲ. ಊರಿನ ಜನರ ಎಚ್ಚರವೂ ಮನೆಯ ಹಿರಿಯರ ಬಲವೂ ಒಟ್ಟಿಗೇ ಕಾಣುತ್ತವೆ.

ಊಟದ ಹುಡುಕಾಟದಲ್ಲಿ ಮಗನಿಗೆ ಒಂದು ಗೊಂದಲವಾಯಿತು. ವಿಯೆಟ್ನಾಮಿಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. ಪ್ರತಿ ಬೋರ್ಡನ್ನೂ ಓದಬಹುದು, ಒಂದೂ ಅರ್ಥವಾಗುವುದಿಲ್ಲ. ‘ಚಾಯ್’ ಎಂದು ಓದಿಕೊಳ್ಳಬಹುದಾದ ಬೋರ್ಡು ಕಂಡು, ‘ಅಜ್ಜೀ, ಇಲ್ಲಿ ಟೀ ಅಂಗಡಿ’ ಎಂದು ಕೂಗಿದ. ಆ ಪದದ ಅರ್ಥ ಸಸ್ಯಾಹಾರ. ಚಾಂದ್ರಮಾನದ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯ ದಿನ ಮಾಂಸ ಬಿಡುವ ಬೌದ್ಧರು ಅಲ್ಲಿ ಬಹಳ. ಹಾಗಾಗಿ ಇಂಥ ಅಂಗಡಿಗಳು ಗಲ್ಲಿಗಲ್ಲಿಯಲ್ಲಿವೆ. ‘ಸಸ್ಯಾಹಾರಿಗಳಿಗೆ ಈ ದೇಶದಲ್ಲಿ ಏನೂ ಸಿಗದು’ ಎಂದು ಬರೆದು ಇಂಡಿಯನ್ ರೆಸ್ಟೋರೆಂಟಿಗೆ ನಡೆಯುವ ಬರಹಗಳು ನಾಲ್ಕಕ್ಷರದ ಆ ಬೋರ್ಡನ್ನು ನೋಡದೆ ದಾಟಿಹೋಗಿವೆ. ಸಸ್ಯಾಹಾರ ‘ನಮ್ಮದು’ ಎಂದು ಮೊದಲೇ ತೀರ್ಮಾನವಾಗಿರುವಾಗ ಅದು ಅವರದೂ ಆಗಿರಬಹುದೆಂದು ಹುಡುಕುವ ಮನಸ್ಸಾದರೂ ಹೇಗೆ ಬಂದೀತು?

ಇಲ್ಲಿಂದ ಇನ್ನೂ ದೊಡ್ಡ ‘ನಾವು’ ಒಂದರ ಬಗ್ಗೆ ಹೇಳಬೇಕು. ಆಗ್ನೇಯ ಏಷ್ಯಾದ ಬಗ್ಗೆ ಬರೆಯುವ ಭಾರತೀಯರಿಗೆ ಹಳೆಯ ಅಭ್ಯಾಸವೊಂದಿದೆ. ಎಲ್ಲಿ ಹೋದರೂ ರಾಮಾಯಣ ಹುಡುಕುವುದು, ಸಿಕ್ಕ ಕೂಡಲೇ ‘ಇದು ನಮ್ಮದೇ’ ಎನ್ನುವುದು. 1926ರಲ್ಲಿ ಕಲ್ಕತ್ತೆಯಲ್ಲಿ ‘ಗ್ರೇಟರ್ ಇಂಡಿಯಾ ಸೊಸೈಟಿ’ ಹುಟ್ಟಿತು. ಮರುವರ್ಷ ರವೀಂದ್ರನಾಥ ಠಾಕೂರರು ಜಾವಾ, ಬಾಲಿ, ಸಯಾಮ್ ಸುತ್ತಿದರು. ಜೊತೆಗಿದ್ದ ಭಾಷಾಶಾಸ್ತ್ರಜ್ಞ ಸುನೀತಿ ಕುಮಾರ್ ಚಟರ್ಜಿ ತಮ್ಮ ಪ್ರವಾಸ ಕೃತಿಗೆ ‘ದ್ವೀಪಮಯ ಭಾರತ’ ಎಂದು ಹೆಸರಿಟ್ಟರು. ಗುಲಾಮಗಿರಿಯಲ್ಲಿದ್ದ ದೇಶಕ್ಕೆ ಆಗ ಅಂಥ ಹೆಮ್ಮೆಯ ಅಗತ್ಯವಿತ್ತೆಂದು ಅರ್ಥಮಾಡಿಕೊಳ್ಳಬಹುದು. ನೂರು ವರ್ಷದ ನಂತರ, ಮೊದಲ ದಿನದ ಸಂಜೆ ಒಂದು ಗುಡಿ ಕಂಡ ಕೂಡಲೇ ಅದೇ ವಾಕ್ಯವನ್ನು ಬರೆಯುವುದಕ್ಕೆ ಆ ಕಾರಣ ಉಳಿದಿಲ್ಲ.

ಬೆನ್ ಥಾನ್ ಮಾರುಕಟ್ಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಮಾರಿಯಮ್ಮನ ಗುಡಿ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ತಮಿಳು ವ್ಯಾಪಾರಿಗಳು ಕಟ್ಟಿಸಿದ್ದು. ಆ ವ್ಯಾಪಾರಿಗಳಲ್ಲಿ ಹೆಚ್ಚಿನವರು ಈಗ ಅಲ್ಲಿಲ್ಲ. ದೇವಿ ಇದ್ದಾಳೆ. ಭಕ್ತರಲ್ಲಿ ಹೆಚ್ಚಿನವರು ವಿಯೆಟ್ನಾಮಿಗಳು. ಕೈತುಂಬಾ ಊದುಬತ್ತಿ ಹಿಡಿದು ಬಾಗುತ್ತಾರೆ, ಗೋಡೆಗೆ ಹಣೆ ಒತ್ತಿ ಪಿಸುಮಾತಿನಲ್ಲಿ ಬೇಡಿಕೊಳ್ಳುತ್ತಾರೆ. ನನ್ನ ಗಂಡ, ‘ನೋಡಿದ್ಯಾ, ನಮ್ಮ ಮಾರಮ್ಮ ಎಲ್ಲೀ ತನಕ ಬಂದಿದ್ದಾಳೆ’ ಎಂದರು. ಅತ್ತೆ ಬಹಳ ಹೊತ್ತು ಗೋಡೆಗೆ ಹಣೆ ಇಟ್ಟಿದ್ದ ಒಬ್ಬ ಹುಡುಗಿಯನ್ನೇ ನೋಡುತ್ತಿದ್ದರು. ಆಮೇಲೆ, ‘ಬಂದಿದ್ದೇನೋ ಸರಿ. ಈಗ ಅವಳು ಇವರ ಅಮ್ಮ ಆಗಿಬಿಟ್ಟಿದ್ದಾಳೆ ಕಣಪ್ಪ. ನಾವು ಇಲ್ಲಿ ನೆಂಟರು’ ಎಂದರು. ಆ ದಿನ ನಾನು ಕೇಳಿದ ಅತ್ಯಂತ ನಿಖರವಾದ ‘ನಾವು’ ಅದು. ಯಾರು ಒಳಗೆ, ಯಾರು ಹೊರಗೆ ಎಂಬುದು ಅದರಲ್ಲಿ ಸ್ಪಷ್ಟವಾಗಿತ್ತು. ಗ್ರೇಟರ್ ಇಂಡಿಯಾದ ಇಡೀ ಪರಂಪರೆಗೆ ಅವರ ಆ ಒಂದು ಮಾತು ಉತ್ತರವಾಗಿತ್ತು.

ಗುಡಿಗೆ ಹೋಗುವ ಮೊದಲೇ ಯುದ್ಧ ಸ್ಮಾರಕಗಳ ಮ್ಯೂಸಿಯಂ ನೋಡಿಯಾಗಿತ್ತು. ಅದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಯಾಕೆಂದರೆ ಪ್ರವಾಸ ಬರಹದ ‘ನಾವು’ ಪೂರ್ತಿ ಸೋಲುವ ಜಾಗ ಅದು. ಸಾಮಾನ್ಯವಾಗಿ ಇಲ್ಲಿ ಎರಡು ಪದ ಬರುತ್ತವೆ: ‘ಮನ ಕಲಕಿತು’. ಯಾರ ಮನ? ಅಂಗಳದಲ್ಲಿ ಅಮೆರಿಕದ ವಿಮಾನ, ಹೆಲಿಕಾಪ್ಟರು, ಟ್ಯಾಂಕುಗಳಿವೆ. ನನ್ನ ಮಗ ಅಲ್ಲಿ ಖುಷಿಯಿಂದ ಓಡಾಡಿದ. ಅವನ ಮನ ಕಲಕಿರಲಿಲ್ಲ, ಕುಣಿಯುತ್ತಿತ್ತು. ಮೇಲಿನ ಕೋಣೆಗಳಲ್ಲಿ ಏಜೆಂಟ್ ಆರೆಂಜ್ ಎಂಬ ವಿಷದಿಂದ ಅಂಗವಿಕಲರಾಗಿ ಹುಟ್ಟಿದ ಮಕ್ಕಳ ಫೋಟೋಗಳಿವೆ. ಅವನನ್ನು ಅಲ್ಲಿಗೆ ಕರೆದೊಯ್ಯಬೇಕೇ ಎಂದು ಗಂಡ ಹೆಂಡತಿಯ ನಡುವೆ ಮೆಟ್ಟಿಲ ಮೇಲೆ ತಗ್ಗಿದ ದನಿಯಲ್ಲಿ ವಾದವಾಯಿತು. ಅವರು ಬೇಡ ಎಂದರು. ಅಲ್ಲಿರುವವರೂ ಮಕ್ಕಳೇ ಎಂದು ನಾನಂದೆ. ಒಮ್ಮತಕ್ಕೆ ಬರಲಾಗಲಿಲ್ಲ. ಅತ್ತೆ ಕೆಳಗಿನ ಬೆಂಚಿನಲ್ಲಿ ಕೂತರು, ಮಗನೂ ಅಲ್ಲೇ ಉಳಿದ. ನಾನು ಒಬ್ಬಳೇ ಮೇಲೆ ಹೋದೆ, ಗಂಡ ಸ್ವಲ್ಪ ಹೊತ್ತಿನ ನಂತರ ಬೇರೆಯಾಗಿ ಬಂದರು. ಯುದ್ಧದಲ್ಲಿ ಸತ್ತ ಛಾಯಾಗ್ರಾಹಕರು ತೆಗೆದ ಚಿತ್ರಗಳಿರುವ ಕೋಣೆಯಲ್ಲಿ ಇಬ್ಬರೂ ಎದುರಾದೆವು, ಮಾತಾಡಲಿಲ್ಲ. ಕೆಳಗಿಳಿದಾಗ ಮಗ ಹೊರಗಿನ ಗೋಡೆಯ ಚಿತ್ರಗಳನ್ನು ನೋಡಿ ಮುಗಿಸಿದ್ದ. ‘ಅಮ್ಮಾ, ಈ ಯುದ್ಧದಲ್ಲಿ ಇವರು ಗೆದ್ದರಾ, ಸೋತರಾ?’ ಎಂದು ಕೇಳಿದ. ಗೆದ್ದರು ಅಂದೆ. ‘ಫೋಟೋ ನೋಡಿದ್ರೆ ಹಾಗೆ ಅನ್ಸಲ್ಲ’ ಎಂದ.

‘ಮನ ಕಲಕಿತು’ ಎಂದು ಬರೆದಿದ್ದರೆ ಈ ನಾಲ್ಕು ಬೇರೆ ಬೇರೆ ಮ್ಯೂಸಿಯಂಗಳು ಒಂದೇ ಆಗಿಬಿಡುತ್ತಿದ್ದವು. ಆ ಮ್ಯೂಸಿಯಮ್ಮಿಗೂ ಅದರದೇ ‘ನಾವು’ ಇದೆ ಎಂಬುದನ್ನೂ ಮರೆಯಬಾರದು. 1975ರ ಸೆಪ್ಟೆಂಬರಿನಲ್ಲಿ ತೆರೆದಾಗ ಅದರ ಹೆಸರಿನಲ್ಲೇ ಅಮೆರಿಕನ್ನರ ಮತ್ತು ಅವರ ‘ಕೈಗೊಂಬೆ’ಗಳ ಅಪರಾಧ ಎಂಬ ಮಾತಿತ್ತು. 1995ರಲ್ಲಿ, ಅಮೆರಿಕದೊಂದಿಗೆ ರಾಜತಾಂತ್ರಿಕ ಸಂಬಂಧ ಕುದುರಿದ ಕಾಲಕ್ಕೆ, ಈಗಿನ ಹೆಸರು ಬಂತು. ಕೈಗೊಂಬೆ ಎಂದು ಕರೆದದ್ದು ದಕ್ಷಿಣ ವಿಯೆಟ್ನಾಮಿನ ಸರ್ಕಾರವನ್ನು. ಅದರ ಪರವಾಗಿ ಹೋರಾಡಿ ಸತ್ತವರು ಅದೇ ಊರಿನ ಮಕ್ಕಳು. ಗೋಡೆಯ ಮೇಲಿನ ‘ನಾವು’ ಅವರನ್ನು ಬಿಟ್ಟ ‘ಚುಂಗ್ ತೋಯ್’. 2016ರಲ್ಲಿ ಪುಲಿಟ್ಜರ್ ಪಡೆದ ‘ದಿ ಸಿಂಪಥೈಸರ್’ನಲ್ಲಿ ವಿಯೆಟ್ ಥಾನ್ ನುಯೆನ್ ಈ ಗಾಯಕ್ಕೇ ಕೈ ಹಾಕುತ್ತಾನೆ. ಅವನ ನಾಯಕ ದಕ್ಷಿಣದ ಸೇನೆಯೊಳಗಿರುವ ಕಮ್ಯುನಿಸ್ಟ್ ಗೂಢಚಾರ, ಎರಡೂ ಕಡೆಯ ‘ನಾವು’ಗಳ ಒಳಗೂ ಹೊರಗೂ ಇರುವವನು. ಸೈಗಾನಿಗೆ ಹೊರಡುವವರು ಓದಿಕೊಂಡು ಹೋಗಬೇಕಾದ ಕಾದಂಬರಿ ಅದು.

ಇಷ್ಟೆಲ್ಲ ಹೇಳಿದ್ದು ‘ನಾವು’ ಎಂದು ಬರೆಯಲೇಬಾರದು ಎಂಬ ಕಾರಣಕ್ಕಲ್ಲ. ಆ ಪದಕ್ಕೆ ತಕ್ಕ ಗಳಿಗೆಗಳಿವೆ. ಮೇ ತಿಂಗಳಿಗೆ ಸೈಗಾನಿನಲ್ಲಿ ಮಳೆಗಾಲ ಶುರುವಾಗುತ್ತದೆ. ಗುಡಿಯಿಂದ ಹೊರಗೆ ಬಂದಾಗ ಹೇಳದೆ ಕೇಳದೆ ಸುರಿಯಿತು. ಬೈಕಿನವರು ಬದಿಗೆ ನಿಲ್ಲಿಸಿ ಸೀಟಿನಡಿಯಿಂದ ರೇನ್‌ಕೋಟು ತೆಗೆದರು. ಕೆಲವಕ್ಕೆ ಎರಡು ತಲೆಯ ತೂತು, ಮುಂದಿನವರಿಗೊಂದು, ಹಿಂದೆ ಕೂತವರಿಗೊಂದು. ಒಂದು ನೂಡಲ್ಸ್ ಗಾಡಿಯ ಟಾರ್ಪಾಲಿನ ಕೆಳಗೆ ಹತ್ತು ಹನ್ನೆರಡು ಜನ ಸೇರಿಕೊಂಡರು. ಗಾಡಿಯವಳು ಟಾರ್ಪಾಲಿನಲ್ಲಿ ತುಂಬಿದ ನೀರನ್ನು ಕೋಲಿನಿಂದ ಎತ್ತಿ ಚೆಲ್ಲುವಾಗ ಅದು ತಪ್ಪಿ ಒಬ್ಬ ಸವಾರನ ಬೆನ್ನಮೇಲೆ ಬಿತ್ತು. ಎಲ್ಲರೂ ನಕ್ಕೆವು, ಬೆನ್ನು ಒದ್ದೆಯಾದವನೂ ಸೇರಿ. ಇಲ್ಲಿ ಬೇರೆ ಕರ್ತೃಪದ ನನಗೆ ಸಿಗುವುದಿಲ್ಲ. ಹೌದು, ನಾವೇ ನಕ್ಕೆವು. ಕುಟುಂಬದ ನಾಲ್ವರಷ್ಟೇ ಅಲ್ಲ, ಟಾರ್ಪಾಲಿನಡಿ ಇದ್ದ ಅಷ್ಟೂ ಜನ. ದಿನವಿಡೀ ‘ನಾವು’ ಎನ್ನುತ್ತಲೇ ಬಂದಿದ್ದ ಬರಹದಲ್ಲಿ ಈ ‘ನಾವು’ವಿಗೆ ಬೆಲೆ ಇರುತ್ತಿರಲಿಲ್ಲ.

ಬರೆಯಲು ತೊಡಗಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಪ್ರವಾಸದ ಮೊದಲ ದಿನವನ್ನು ಬರೆದು ಮುಗಿಸಿದ ಮೇಲೆ ಪೆನ್ನು ಹಿಡಿದು ಎಲ್ಲ ‘ನಾವು’ಗಳಿಗೂ ಸುತ್ತು ಹಾಕಿ. ‘ಹೊರಟೆವು’, ‘ತಿಂದೆವು’ ಎಂಬ ಕ್ರಿಯಾಪದದೊಳಗೆ ಅಡಗಿ ಕೂತವನ್ನೂ ಬಿಡಬೇಡಿ. ಪ್ರತಿಯೊಂದಕ್ಕೂ ಯಾರು ಎಂದು ಕೇಳಿ. ಯಾರು ದುಡ್ಡು ಕೊಟ್ಟರು, ಯಾರು ಕೇಳಬೇಕಾಯಿತು, ಯಾರಿಗೆ ಬಚ್ಚಲಿನ ಚಿಂತೆ ಇತ್ತು, ಯಾರು ಮಗುವಿನ ಬಾಟಲಿಗೆ ನೀರು ತುಂಬಿಸಿದರು, ಯಾರು ಏನನ್ನೂ ನೋಡದೆ ಉಳಿದವರ ಫೋಟೋ ತೆಗೆದರು. ಉತ್ತರ ಸಿಕ್ಕಲ್ಲಿ ಹೆಸರೋ ಸಂಬಂಧವೋ ಬರೆಯಿರಿ. ಉತ್ತರ ಬರೆಯಲು ಕೈ ಹಿಂಜರಿದರೆ ಅಲ್ಲೇ ನಿಲ್ಲಿ, ನಿಮ್ಮ ಬರಹದ ವಸ್ತು ಅಲ್ಲೇ ಇದೆ. ಇದರಿಂದ ಮನೆಯ ಮಾನ ಹೋಗುತ್ತದೆಂದು ಹೆದರಬೇಕಿಲ್ಲ. ಮನೆಮಂದಿ ಕಾಣಿಸಿಕೊಂಡರೆ ಊರಿನ ಮಂದಿಯೂ ಕಾಣಿಸಿಕೊಳ್ಳುತ್ತಾರೆ, ಯಾಕೆಂದರೆ ಊರಿನವರು ಮಾತಾಡಿದ್ದು ‘ನಾವು’ ಜೊತೆಗಲ್ಲ. ಸ್ಟೂಲು ಕೊಟ್ಟದ್ದು ಒಬ್ಬ ಅಜ್ಜಿಗೆ, ದಾರಿ ಬಿಟ್ಟದ್ದು ಮಂಡಿನೋವಿನ ಒಬ್ಬ ಹೆಂಗಸಿಗೆ.

ಕನ್ನಡದ ಹಳೆಯ ಪ್ರವಾಸಿಗಳು ಒಂದು ಹೆಗಲು ಕೊಟ್ಟು ಜಗತ್ತು ತೋರಿಸಿದರು. ಈಗ ಹೊರಟಿರುವುದು ಇಡೀ ಕುಟುಂಬ. ಹಾಗಿರುವಾಗ ನಾಲ್ಕು ಹೆಗಲುಗಳಿಂದ, ನಾಲ್ಕು ಎತ್ತರಗಳಿಂದ ಒಂದು ಊರನ್ನು ತೋರಿಸುವ ಬರಹ ಬರಬೇಕು. ಅದರಲ್ಲಿ ನನ್ನ ಅತ್ತೆಯಂಥವರು ‘ವಯಸ್ಸಾದವರೂ ಜೊತೆಗಿದ್ದರು’ ಎಂಬ ಅರ್ಧ ವಾಕ್ಯದಲ್ಲಿ ಮುಗಿದುಹೋಗಬಾರದು. ಸಾಧ್ಯವಾದರೆ ಮುಂದಿನ ಮೊದಲ ದಿನದ ಅಧ್ಯಾಯವನ್ನು ಅವರೇ ಬರೆಯಲಿ, ಖರ್ಚಿಗೆ ಒಂದಿಷ್ಟು ನೋಟು ತಮ್ಮದೇ ಕೈಯಲ್ಲಿ ಇಟ್ಟುಕೊಂಡು.